ನಿಮ್ಮನ್ನು ಕಾಣದೆ ಬಹಳ ದಿನವಾಯಿತು

“ಈ ಪಿನ್‌ಕೋಡ್ ತಪ್ಪೈತಿ,” ಎಂದಳು ಬಸವಣ್ಣೆಮ್ಮ, ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು. “ಐದು ಎಂಟು ಎರಡು ಅಂದ್ರ ನಮ್ಮ ಗದಗ ಕಡೆ. ಇವರು ಇರೂದು ಇಳಕಲ್ಲಾಗ. ಐದು ಎಂಟು ಏಳರಿಂದ ಸುರು ಆಗಬೇಕು. ಫೋನ್ ಹಚ್ಚಿ ಕೇಳು ತಮ್ಮಾ.”

ತೋಂಟೇಶ ಫೋನ್ ಹಚ್ಚಲಿಲ್ಲ. ಪಿನ್‌ಕೋಡಿನ ವಿಷಯದಲ್ಲಿ ಆಕೆ ಹೇಳಿದ ಮೇಲೆ ಮುಗಿಯಿತು ಎಂಬುದು ಈ ಇಪ್ಪತ್ತೈದು ದಿನಗಳಲ್ಲಿ ಅವನಿಗೆ ಗೊತ್ತಾಗಿತ್ತು. ಅವನ ಕೈ ಜುಬ್ಬಾದ ಜೇಬಿನೊಳಗಿತ್ತು. ಅಲ್ಲಿ ಆಕೆಯ ಹೆಸರಿನ, ಹುಬ್ಬಳ್ಳಿಯ ರೈಲು ಟಿಕೆಟ್ಟು ಇತ್ತು. ಇವತ್ತು ಹೇಳಿಯೇ ಬಿಡುತ್ತೇನೆ ಎಂದು ಹೆಂಡತಿ ಜಗದಾಂಬಳಿಗೆ ಮಾತು ಕೊಟ್ಟು ಬಂದಿದ್ದ. ನಿನ್ನೆಯೂ ಕೊಟ್ಟಿದ್ದ, ಮೊನ್ನೆಯೂ ಕೊಟ್ಟಿದ್ದ.

ಕಾಶಿಯ ಜಂಗಮವಾಡಿಯ ಓಣಿಯಲ್ಲಿ, ಮಠದ ಬಾಗಿಲಿನಿಂದ ನಾಲ್ಕು ಹೆಜ್ಜೆ ಈಚೆ ಅವನ ಅಂಗಡಿ. ವಿಭೂತಿ, ರುದ್ರಾಕ್ಷಿ, ಶಿವದಾರ, ಲಿಂಗವನ್ನಿಡುವ ಬೆಳ್ಳಿಯ ಕರಡಿಗೆ. ಕರ್ನಾಟಕದ ಯಾತ್ರಿಗಳ ಬಸ್ಸು ಬಂದ ದಿನ ಉಸಿರಾಡಲು ಪುರುಸೊತ್ತಿಲ್ಲ, ಬಾರದ ದಿನ ನೊಣ ಹೊಡೆಯುವುದೇ ಉದ್ಯೋಗ. ಇದನ್ನು ಬದಲಿಸಿದವಳು ಮಗಳು ವಚನಾ. ಕಾಲೇಜಿನ ಜೊತೆಗೆ ಆನ್‌ಲೈನಿನಲ್ಲಿ ಅದೇನೋ ಕೋರ್ಸು ಮಾಡಿದವಳು, ಬಂದ ಯಾತ್ರಿಗಳಿಂದಲೆಲ್ಲ ಹೆಸರು ಮತ್ತು ಇಮೇಲ್ ಬರೆಸಿಕೊಳ್ಳಲು ಶುರು ಮಾಡಿದಳು. ಪ್ರತಿ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಎಲ್ಲರಿಗೂ ಒಂದು ಪತ್ರ. ಸಾಮಾನಿನ ಮಾತು ಕೊನೆಯ ಎರಡೇ ಸಾಲು, ಉಳಿದದ್ದೆಲ್ಲ ಕಾಶಿಯ ಸುದ್ದಿ. ಗಂಗೆ ಎಷ್ಟು ಮೆಟ್ಟಿಲು ಏರಿದಳು, ಆಚೆ ದಡದ ರಾಮನಗರದ ಕಡೆ ಮಂಜು ಎಷ್ಟು ಹೊತ್ತಿಗೆ ಹರಿಯಿತು, ಅಂಗಡಿಯೊಳಗೆ ನುಗ್ಗಿದ ಕೋತಿ ಏನು ಕದ್ದಿತು. ತೋಂಟೇಶ ಹಾಳೆಯ ಮೇಲೆ ಬರೆದುಕೊಡುತ್ತಿದ್ದ, ವಚನಾ ಕಳಿಸುತ್ತಿದ್ದಳು. ಪತ್ರದ ಮೇಲೆ ಅವರವರ ಹೆಸರನ್ನು ಯಂತ್ರವೇ ತುಂಬುತ್ತಿತ್ತು. ಮೂರು ವಾರ ಪತ್ರ ತೆರೆಯದವರಿಗೆ ನಾಲ್ಕನೆಯ ಸೋಮವಾರ ಬೇರೊಂದು ಪತ್ರವನ್ನೂ ಅದೇ ಕಳಿಸುತ್ತಿತ್ತು. ಎಲ್ಲ ಪತ್ರಗಳ ಕೊನೆಗೂ ಒಂದೇ ಸಾಲು: “ಬನ್ನಿ, ಕಾಶಿಯಲ್ಲಿ ನಿಮಗೊಂದು ಮನೆಯಿದೆ.”

ಆ ಸಾಲು ಬರೆದ ದಿನ ಅವನಿಗೆ ತನ್ನ ಮೇಲೆಯೇ ಮೆಚ್ಚುಗೆ ಬಂದಿತ್ತು. ಎರಡು ವರ್ಷದಲ್ಲಿ ಓದುವವರು ಎರಡು ಸಾವಿರದ ನಾನೂರು ಜನರಾದರು. ವಾರಕ್ಕೆ ನಲವತ್ತು ಪೊಟ್ಟಣ ಅಂಚೆಗೆ ಹೋಗತೊಡಗಿದವು.

ಹಿಂದೊಮ್ಮೆ ಯಾತ್ರೆಗೆ ಬಂದು ಹೆಸರು ಬರೆಸಿ ಹೋಗಿದ್ದ ಬಸವಣ್ಣೆಮ್ಮ ಮತ್ತೆ ಬಂದದ್ದು ಒಂದು ಗುರುವಾರ. ಸೈಕಲ್ ರಿಕ್ಷಾದಿಂದ ಒಂದು ಟ್ರಂಕು, ಒಂದು ಚೀಲ ಇಳಿಸಿಕೊಂಡು ಅಂಗಡಿಯ ಮುಂದೆ ನಿಂತಳು. ಅರವತ್ತಾರರ ಹೆಂಗಸು, ಇಸ್ತ್ರಿ ಮಾಡಿದ ಸೀರೆ, ಬೆನ್ನು ಇನ್ನೂ ನೆಟ್ಟಗೆ. “ನಾನು ಬಸವಣ್ಣೆಮ್ಮ, ಲಕ್ಷ್ಮೇಶ್ವರದಾಕಿ,” ಎಂದಳು. ಅಷ್ಟು ಹೇಳಿದರೆ ಸಾಕು ಎಂಬಂತೆ ನಕ್ಕಳು. ತೋಂಟೇಶನೂ ನಕ್ಕ. ವ್ಯಾಪಾರಿಗೆ ನಗುವುದೇನು ಕಷ್ಟ? ಆಕೆ ಚೀಲದಿಂದ ಹುರಿ ಕಟ್ಟಿದ ಕಾಗದದ ಕಟ್ಟೊಂದನ್ನು ತೆಗೆದಳು. ಎಂಬತ್ತೊಂದು ಪತ್ರಗಳು. ಒಂದೊಂದನ್ನೂ ಊರಿನ ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ, ಮೂಲೆಯಲ್ಲಿ ಬಂದ ತಾರೀಖು ಬರೆದಿದ್ದಳು.

“ಮೂವತ್ತೆಂಟು ವರ್ಷ ಪೋಸ್ಟಾಫೀಸಿನ್ಯಾಗ ಮಂದಿ ಪತ್ರ ಮಂದಿಗಿ ಕೊಟ್ಟೆ. ಒಂದೂ ತಪ್ಪು ಮನಿಗಿ ಹೋಗಗೊಟ್ಟಿಲ್ಲ. ನನ್ನ ಹೆಸರಿಗಿ ಮಾತ್ರ ಪಿಂಚಣಿ ಕಾಗದ ಬಿಟ್ರ ಒಂದೂ ಬರಲಿಲ್ಲ ನೋಡು. ನೀ ವಾರ ತಪ್ಪದ ಬರದಿ. ಬಾ ಬಾ ಅಂದಿ. ಅದಕ್ಕ ಬಾಡಿಗಿ ಮನಿ ಬಿಟ್ಟು ಬಂದುಬಿಟ್ಟೆ.”

ಆಗಲೇ ಹೇಳಬೇಕಾಗಿತ್ತು. ಆ ಕ್ಷಣವನ್ನು ತೋಂಟೇಶ ಆಮೇಲೆ ಎಷ್ಟು ಸಲ ನೆನೆದನೋ! ಪತ್ರದ ಮೇಲೆ ಯಾರ ಹೆಸರಿದೆಯೋ ಅದು ಅವರದೇ ಎಂದು ಆಯುಷ್ಯವಿಡೀ ನಂಬಿ ದುಡಿದವಳ ಮುಂದೆ, ಇದು ಎಲ್ಲರಿಗೂ ಹೋಗುತ್ತದೆ ಎಂದು ಹೇಳಲು ಅವನಿಗೆ ಬಾಯಿ ಬರಲಿಲ್ಲ. “ಒಳಗ ಬರ್ರಿ, ಚಾಯ್ ಕುಡೀರಿ,” ಎಂದ.

ಮಠದ ಯಾತ್ರಿನಿವಾಸದಲ್ಲಿ ಮೂರು ದಿನಕ್ಕಿಂತ ಹೆಚ್ಚು ಇರಗೊಡುವುದಿಲ್ಲ. ನಾಲ್ಕನೆಯ ದಿನ ಟ್ರಂಕು ಅವನ ಮನೆಗೇ ಬಂತು. ಮನೆಯೆಂದರೆ ಎರಡು ಕೋಣೆ. ವಚನಾಳ ಕೋಣೆಯಲ್ಲಿ ಬಸವಣ್ಣೆಮ್ಮ ಮಲಗಿದಳು, ವಚನಾ ಅಡುಗೆಮನೆಗೆ ಹೋದಳು. ಪರೀಕ್ಷೆ ಹತ್ತಿರವಾಗಿತ್ತು. ಜಗದಾಂಬ ಕೆಟ್ಟವಳಲ್ಲ, ಮೊದಲ ವಾರ ಜೋಳದ ರೊಟ್ಟಿ ಬಡಿದು ಹಾಕಿದಳು. ಎರಡನೆಯ ವಾರ ಗಂಡನ ಮುಖ ನೋಡತೊಡಗಿದಳು. “ನಾಳಿ ಇನ್ನೊಬ್ಬರು ಬರತಾರ, ಅವರನ್ನ ಎಲ್ಲಿಡ್ತೀರಿ?” ಎಂದಳು. ಅವಳು ಅಂದದ್ದೂ ನಿಜವಾಯಿತು. ಹಾವೇರಿಯ ಗಿರಿಜಾದೇವಿ ಎಂಬುವವರು ಪತ್ರಕ್ಕೆ ಉತ್ತರ ಬರೆದಿದ್ದರು: ನನಗೂ ಯಾರಿಲ್ಲ, ನಿಮ್ಮ ಮನೆಯಲ್ಲಿ ಜಾಗವಿದ್ದರೆ ತಿಳಿಸಿರಿ.

ವಚನಾ ಆ ಕೊನೆಯ ಸಾಲನ್ನು ಅಳಿಸಿದಳು. ಆದರೆ ಹೋದ ಪತ್ರಗಳನ್ನು ಹೇಗೆ ಅಳಿಸುವುದು?

ಇತ್ತ ಬಸವಣ್ಣೆಮ್ಮ ದಿನವೂ ದಶಾಶ್ವಮೇಧ ಘಾಟಿನಲ್ಲಿ ಮಿಂದು ಬಂದು, ಅಂಗಡಿಯಲ್ಲಿ ಕೂತು ವಿಳಾಸ ಬರೆಯುತ್ತಿದ್ದಳು. ಆಕೆ ಬಂದ ಮೇಲೆ ಒಂದು ಪೊಟ್ಟಣವೂ ವಾಪಸು ಬಂದಿರಲಿಲ್ಲ. ಫೋನಿನಲ್ಲಿ ಸೋಮವಾರದ ಪತ್ರ ಬಂದರೆ ತೆರೆಯುತ್ತಿರಲಿಲ್ಲ. “ಬರಿಯಾಂವ ನನ್ನ ಎದುರಿಗಿ ಕುಂತಾನ, ಓದೂದೇನೈತಿ?” ಎನ್ನುತ್ತಿದ್ದಳು.

ಹುಬ್ಬಳ್ಳಿಯಲ್ಲಿ ಆಕೆಗೊಬ್ಬ ತಮ್ಮನಿದ್ದ, ಅಮರಯ್ಯ. ತೋಂಟೇಶ ಕದ್ದು ನಂಬರು ಹುಡುಕಿ ಮಾತಾಡಿದ. ಆ ಕಡೆಯವನು, “ಕಳಸ್ರಿ, ಮತ್ತೇನ್ ಮಾಡೂದು,” ಎಂದಿದ್ದ.

ಆ ಮಾತು ನೆನಪಾದಾಗಲೆಲ್ಲ ಜೇಬಿನ ಟಿಕೆಟ್ಟು ಕೈಗೆ ಹತ್ತದಾಗುತ್ತಿತ್ತು. ಈಗಲೂ ಹಾಗೇ ಆಯಿತು. ಅವನು ಕೆಮ್ಮಿದ. “ಬಸವಣ್ಣೆಮ್ಮಾರ, ಒಂದು ಮಾತು…”

ಅಷ್ಟರಲ್ಲಿ ಆಕೆಯ ಫೋನು ಟಿಣ್ ಎಂದಿತು. ಸೋಮವಾರ, ಗೋಡೆಯ ಗಡಿಯಾರದಲ್ಲಿ ಹತ್ತು ಗಂಟೆ.

“ತಡಿ ತಮ್ಮಾ, ಇದ್ಯಾವುದೋ ಹೊಸಾದು ಬಂದೈತಿ.” ಕನ್ನಡಕವನ್ನು ಸೆರಗಿನಲ್ಲಿ ಒರೆಸಿ ಹಾಕಿಕೊಂಡಳು. ಓದುವಾಗ ಗಟ್ಟಿಯಾಗಿ ಓದುವುದು ಆಕೆಯ ರೂಢಿ, ಓದಲು ಬಾರದವರಿಗೆ ಕೌಂಟರಿನಲ್ಲೇ ಓದಿ ಹೇಳಿದವಳಲ್ಲವೇ. “ಪ್ರೀತಿಯ ಬಸವಣ್ಣೆಮ್ಮನವರೇ, ನಿಮ್ಮನ್ನು ಕಾಣದೆ ಬಹಳ ದಿನವಾಯಿತು. ನೀವಿಲ್ಲದೆ ನಮ್ಮ ಅಂಗಡಿ ಬಿಕೋ ಎನ್ನುತ್ತಿದೆ. ನಮ್ಮನ್ನು ಮರೆತಿರೇನು? ಕಾಶಿಯಲ್ಲಿ ನಿಮ್ಮ ದಾರಿ ಕಾಯುತ್ತಿರುವ, ನಿಮ್ಮ ತೋಂಟೇಶ.”

ಪಕ್ಕದಲ್ಲಿ ಪೊಟ್ಟಣ ಅಂಟಿಸುತ್ತಿದ್ದ ವಚನಾಳ ಕೈಯಿಂದ ಅಂಟುಪಟ್ಟಿ ಜಾರಿ ಬಿತ್ತು. “ಪಪ್ಪಾ, ವೋ ಅಪ್ನೇ ಆಪ್ ಜಾತಾ ಹೈ… ತಾನಾಗೇ ಹೋಗತೈತಿ ಅದು. ಇವರ ಹೆಸರ್ ತೆಗಿಯೂದು ಮರತೆ ನಾ.”

ತೋಂಟೇಶನಿಗೆ ಅಳು ಬಂತು. ಬಸವಣ್ಣೆಮ್ಮ ಫೋನನ್ನೊಮ್ಮೆ, ಅವನನ್ನೊಮ್ಮೆ ನೋಡಿದಳು. ಇಬ್ಬರ ನಡುವೆ ಎರಡು ಮೊಳವೂ ಇರಲಿಲ್ಲ.

“ಎಷ್ಟ್ ಮಂದಿಗಿ ಹೋಗತಾವ ಇವು?” ಎಂದು ಮೆಲ್ಲಗೆ ಕೇಳಿದಳು.

“ಎರಡ್ ಸಾವಿರದ ನಾಕನೂರು.”

“ಎಲ್ಲಾರಿಗೂ ಹೆಸರು ಹಾಕಿ?”

“ಹೂಂರಿ.”

ಆಕೆ ತಲೆಯಾಡಿಸಿದಳು. ಬೈಯಲಿಲ್ಲ, ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಚೀಲದಿಂದ ಆ ಕಟ್ಟನ್ನು ತೆಗೆದು, ಸಡಿಲವಾಗಿದ್ದ ಹುರಿಯನ್ನು ಬಿಗಿದು ಕಟ್ಟಿ, ಅವನ ಕಡೆಗೆ ಸರಿಸಿ ಇಟ್ಟಳು.

“ಮೂರು ದಿನದಿಂದ ಕೈಯಾಡಸ್ತಿಯಲ್ಲ, ಆ ಜೇಬಿನ್ಯಾಗಿಂದು ಯಾವತ್ತಿನ ಟಿಕೀಟು ತಮ್ಮಾ?”

ಅವನ ಕೈ ಜೇಬಿನಲ್ಲೇ ಉಳಿಯಿತು. “ಬರೂ ರವಿವಾರದ್ದು.”

“ಹಂಗಾರ ಇನ್ನೂ ಆರು ದಿನ ಐತಿ.”

ಆಕೆ ಮುಂದಿನ ಪೊಟ್ಟಣವನ್ನು ಎಳೆದುಕೊಂಡಳು. ಪೆನ್ನನ್ನು ಅಂಗೈಯಲ್ಲಿ ಉಜ್ಜಿ, ಹೆಸರು ಬರೆದಳು, ಓಣಿ ಬರೆದಳು, ಊರು ಬರೆದಳು. ಆಮೇಲೆ ಕೆಳಗೆ ಆರು ಸಣ್ಣ ಚೌಕ ಎಳೆದು, ಒಂದೊಂದರಲ್ಲಿ ಒಂದೊಂದೇ ಅಂಕಿಯನ್ನು ಗೆರೆ ಮುಟ್ಟದಂತೆ ತುಂಬತೊಡಗಿದಳು.