ತಕಿಯ್ಯಾ ತಂದ ಗಂಟು

2021ರ ನವೆಂಬರ್ 16, ಮಂಗಳವಾರ, ಬೆಳಿಗ್ಗೆ ಒಂಬತ್ತೂ ಇಪ್ಪತ್ತು. ಹಜ್ಜಾ ಪ್ರಾಂತ್ಯದ ಗುಡ್ಡದ ಶಾಲೆಯಲ್ಲಿ ಮೇಷ್ಟ್ರು ಮುತಹ್ಹರ್ ಬೈಕಿನ ಹಳೆಯ ಟ್ಯೂಬನ್ನು ಪಟ್ಟಿಯಾಗಿ ಕತ್ತರಿಸಿ ಕರಿಹಲಗೆಯ ಮೊಳೆಗೆ ನೇತುಹಾಕಿದ್ದರು. ನೂರು ಗ್ರಾಮಿನ ಉಪ್ಪಿನ ಪೊಟ್ಟಣಗಳನ್ನು ಒಂದೊಂದಾಗಿ ಕಟ್ಟುತ್ತ, ರಬ್ಬರ್ ಇಳಿದಷ್ಟಕ್ಕೆ ಸೀಮೆಸುಣ್ಣದ ಗೆರೆ ಎಳೆದಿದ್ದರು. ಈಗ ಆರನೇ ತರಗತಿಯ ಹುಡುಗಿಯರು ಮನೆಯಿಂದ ತಂದದ್ದನ್ನು ತೂಗುವ ಸರದಿ.

ಅರ್ವಾ ತನ್ನ ಚಪ್ಪಲಿ ಕಟ್ಟಿದಳು. “ಮುನ್ನೂರು!”

“ಚಪ್ಪಲಿ ನೂರೇ ಕಣೇ, ಮಿಕ್ಕಿದ್ದು ನೀನು ತುಳಿದ ಕತ್ತೆ ಲದ್ದಿ,” ಎಂದಳು ಹಿಂದಿನ ಬೆಂಚಿನವಳು. ತರಗತಿ ಗೊಳ್ಳೆಂದಿತು.

ತಕಿಯ್ಯಾ ನಗಲಿಲ್ಲ. ಮುಂದೆ ಬಂದು ಗಂಟೊಂದನ್ನು ಕೊಟ್ಟಳು. ಉಣ್ಣೆಯ ಹೊದಿಕೆ, ಉದ್ದನೆಯ ಸುತ್ತುಬಟ್ಟೆ, ಬೆಳ್ಳಿಯ ತಾಯಿತ. ಅವಳ ಹತ್ತು ತಿಂಗಳ ತಮ್ಮ ತೀರಿಕೊಂಡು ಎಂಟು ದಿನವಾಗಿತ್ತು. ಮುತಹ್ಹರ್ ಮಣ್ಣಿಗೆ ಹೋಗಿದ್ದರು.

“ಇದ್ಯಾಕಮ್ಮ?”

“ಆಸ್ಪತ್ರೇಲಿ ಅವನನ್ನ ಇದರ ಸಮೇತ ತೂಗಿದ್ರು, ಉಸ್ತಾದ್. ಐದು ಕಿಲೋಗಿಂತ ಕಡಿಮೆ ಇದ್ರೆ ಮಾತ್ರ ಸೇರಿಸ್ಕೊತೀವಿ ಅಂದ್ರು. ಐದು ಕಿಲೋ ಇನ್ನೂರು ಬಂತು, ವಾಪಸ್ ಕಳ್ಸಿದ್ರು.”

“ಬಟ್ಟೆ ಬಿಚ್ಚಲಿಲ್ವಾ?”

“ನರ್ಸಮ್ಮ ಬಿಚ್ಚು ಅಂದ್ರು. ಅಮ್ಮ ಬಿಚ್ಚೋಕೆ ಹೋದ್ಳು. ನಾನೇ ಬೇಡ ಅಂತ ಅತ್ತೆ. ಆ ಸೊರಗಿದ ಮೈ ಮೇಲೆ ಅಷ್ಟು ಜನದ ಕಣ್ಣು ಬೀಳುತ್ತಲ್ಲ.” ಅವಳು ಗೆರೆಗಳನ್ನೇ ನೋಡುತ್ತಿದ್ದಳು. “ಇನ್ನೂರಕ್ಕಿಂತ ಜಾಸ್ತಿ ಇದೆಯಾ, ಅಷ್ಟು ಹೇಳಿ.”

ಮುತಹ್ಹರ್ ಗಂಟನ್ನು ಕಟ್ಟಿ ಮೆಲ್ಲಗೆ ಕೈ ಬಿಟ್ಟರು. ರಬ್ಬರ್ ಇಳಿಯಿತು, ಏಳುನೂರರ ಗೆರೆಯ ಬಳಿ ನಿಂತಿತು.

“ಇದನ್ನ ನಂಬಬೇಡ,” ಎಂದರು ಅವಸರದಿಂದ. “ಬೆಳಿಗ್ಗೆಯಿಂದ ಎಳೆದೂ ಎಳೆದೂ ಸಡಿಲ ಆಗಿದೆ. ನೋಡು, ಗಂಟು ತೆಗೆದ್ರೂ ಮೊದಲಿನ ಉದ್ದಕ್ಕೆ ಬರ್ತಿಲ್ಲ. ಜಾಸ್ತಿ ತೋರಿಸುತ್ತೆ.”

ಅದು ನಿಜವೂ ಆಗಿತ್ತು. ತಕಿಯ್ಯಾ ಕೊಂಚ ಯೋಚಿಸಿದಳು.

“ಹಂಗಾದ್ರೆ ಹೊಸದು ಕತ್ತರಿಸಿ, ಉಸ್ತಾದ್.”

ಮುತಹ್ಹರ್ ಕತ್ತರಿ ಎತ್ತಿಕೊಂಡರು. ಅವರು ಹೊಸ ಪಟ್ಟಿ ಕತ್ತರಿಸಿದರು, ಹಳೆಯ ಗೆರೆಗಳನ್ನು ಅಳಿಸಿದರು. ಅವಳು ಒಂದೊಂದೇ ಉಪ್ಪಿನ ಪೊಟ್ಟಣ ಎತ್ತಿಕೊಟ್ಟಳು, ಅವರು ಮತ್ತೆ ಗೆರೆ ಎಳೆದರು. ಎರಡನೆಯ ಗೆರೆಯ ಮೇಲೆ ಅವಳು ಬೆರಳಿಟ್ಟುಕೊಂಡೇ ನಿಂತಳು. ಗಂಟು ಅದನ್ನು ದಾಟಿ ಕೆಳಗಿಳಿದು, ತೂಗಾಡಿ, ಸ್ತಬ್ಧವಾಯಿತು.

ಮೇಷ್ಟ್ರು ಬಾಗಿ ನೋಡಿದರು. ಮತ್ತೊಮ್ಮೆ ನೋಡಿದರು. ಆಮೇಲೆ ಸೀಮೆಸುಣ್ಣದಲ್ಲಿ ಬರೆದರು: 640 ಗ್ರಾಂ.