ಆರು ವರ್ಷ ಮೂರು ತಿಂಗಳು

ನಾನು ಬರ್ಗಂಡಿಯವಳು. ನಮ್ಮ ಕಡೆ ಪೀಪಾಯಿಯಲ್ಲಿ ವೈನ್ ಒಂದು ಬೆರಳು ಇಳಿದರೂ ತುಂಬಿಸಿಡುತ್ತಾರೆ. ಇಲ್ಲದಿದ್ದರೆ ಆ ಮನೆಯವರು ಶುದ್ಧ ಸೋಮಾರಿಗಳು ಅಂತಲೇ ಲೆಕ್ಕ. ಹಾಗಾಗಿ ಜುರಾದ ಈ ಊರಿಗೆ ಸೊಸೆಯಾಗಿ ಬಂದ ಎರಡನೇ ವಾರ, ಅತ್ತೆ ಝೆಲೀ ಸಂತೆಗೆ ಹೋಗಿದ್ದಾಗ, ನೆಲಮಾಳಿಗೆಯಲ್ಲಿದ್ದ ಪೀಪಾಯಿ ಒಂದು ಗೇಣು ಖಾಲಿಯಾಗಿರುವುದನ್ನು ಕಂಡು ನನಗೆ ಜೀವ ತಡೆಯಲಿಲ್ಲ. ಮನೆಯಲ್ಲಿದ್ದ ಹೊಸ ವೈನ್ ತಂದು ಬಾಯಿಯವರೆಗೂ ಸುರಿದೆ. ಅತ್ತೆಯನ್ನು ಮೆಚ್ಚಿಸಬೇಕೆಂಬ ಆಸೆ, ಇನ್ನೇನು!

ಅತ್ತೆ ಬಂದವರೇ ದೀಪ ಹಿಡಿದು ಬಗ್ಗಿ ನೋಡಿದರು. ವೈನ್ ಮೇಲೆ ತಾನಾಗಿ ಕಟ್ಟಿದ್ದ ತೆಳು ಬಿಳಿ ಕೆನೆ ಚೂರುಚೂರಾಗಿ ಮುಳುಗುತ್ತಿತ್ತು. ಇಲ್ಲಿಯ ಹಳದಿ ವೈನ್ ಹದಕ್ಕೆ ಬರುವುದೇ ಆ ಕೆನೆಯ ಅಡಿಯಲ್ಲಿ. ಆರು ವರ್ಷ ಮೂರು ತಿಂಗಳು ಅದನ್ನು ಮುಟ್ಟುವಂತಿಲ್ಲ, ಒಂದು ಹನಿ ಸೇರಿಸುವಂತಿಲ್ಲ.

“ಇದು ಅನ್ಸೆಲ್ಮ್ ಕೊನೇ ಸಲ ಕೊಯ್ದ ದ್ರಾಕ್ಷಿದು ಕಣೇ,” ಎಂದರು ಅತ್ತೆ. ಅನ್ಸೆಲ್ಮ್ ಎಂದರೆ ನನ್ನ ಮಾವ. ಆ ಕೊಯ್ಲು ಮುಗಿದ ತಿಂಗಳಿಗೇ ತೀರಿಕೊಂಡಿದ್ದರು.

“ನಂಗೆ ಗೊತ್ತಿರಲಿಲ್ಲ ಅತ್ತೆ.”

“ಹಿಂದೆ ಮಠದ ಸನ್ಯಾಸಿನಿಯರು ಒಂದು ಪೀಪಾಯಿ ಮರೆತುಬಿಟ್ಟಿದ್ದಕ್ಕೇ ಈ ವೈನ್ ಹುಟ್ಟಿತಂತೆ. ಮರೆತು ಸುಮ್ನೆ ಕೂತ್ಕೊಳ್ಳೋಕೂ ಬರಲ್ವಾ ನಿಂಗೆ?”

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆದರೆ ನಾನು ಅಳುತ್ತ ಕೂರುವವಳಲ್ಲ. “ಮುಂದಿನ ತಿಂಗಳ ಕೊಯ್ಲಲ್ಲಿ ನಾನೇ ದ್ರಾಕ್ಷಿ ಬಿಡಿಸ್ತೀನಿ. ಇನ್ನೊಂದು ಪೀಪಾಯಿ ಇಡೋಣ,” ಎಂದೆ.

“ನಂಗೀಗ ಎಂಬತ್ತೊಂದು.”

“ಹಾಗಾದ್ರೆ ಎಂಬತ್ತೇಳರವರೆಗೂ ಇರಿ.”

ಬಾಯಿ ತಪ್ಪಿ ಬಂದ ಮಾತು. ಅತ್ತೆ ದುರುಗುಟ್ಟಿ ನೋಡಿದರು. “ಇರ್ತೀನಿ! ಆ ವೈನ್ ಕುಡಿಯೋವರೆಗೂ ನಾನು ಸಾಯಲ್ಲ. ಅಲ್ಲೀವರೆಗೂ ನೀನು ಈ ನೆಲಮಾಳಿಗೆಗೆ ಕಾಲಿಟ್ಟೆ, ನೋಡು!”

ನಾನು ಕಾಲಿಡಲಿಲ್ಲ. ಸೆಪ್ಟೆಂಬರಿನಲ್ಲಿ ಬೆನ್ನು ಮುರಿಯುವಂತೆ ದ್ರಾಕ್ಷಿ ಕೊಯ್ದು ಬಾಗಿಲಿನವರೆಗೆ ಹೊತ್ತೆ, ಅಷ್ಟೇ. ಅಣಬೆ ಹಾಕಿ ಹಾಲಿನ ಕೆನೆಯಲ್ಲಿ ಬೇಯಿಸುವ ಹುಂಜ ಅತ್ತೆಯ ಹೆಸರಾಂತ ಅಡುಗೆ. ಹಳದಿ ವೈನ್ ಇಲ್ಲದೆ ಅದು ರೋಗಿಗಳ ಊಟ ಎಂದು ಅವರು ಅದನ್ನು ಮಾಡುವುದನ್ನೇ ಬಿಟ್ಟರು.

ಆರನೇ ವರ್ಷದ ನವೆಂಬರಿನಲ್ಲಿ ಅತ್ತೆ ಹಾಸಿಗೆ ಹಿಡಿದರು. ಎದೆಯಲ್ಲಿ ಕಫ ತುಂಬಿತ್ತು. ಡಾಕ್ಟರು ನನ್ನ ಗಂಡ ಲುಸಿಯಾಂನನ್ನು ಹೊರಗೆ ಕರೆದು ಇನ್ನು ಕಷ್ಟ ಎಂದು ತಲೆಯಾಡಿಸಿದರು. ಪೀಪಾಯಿ ತೆಗೆಯಲು ಇನ್ನೂ ಮೂರು ವಾರ ಬಾಕಿ.

“ಒಂದು ಲೋಟ ಈಗ್ಲೇ ತರ್ತೀನಮ್ಮ, ಯಾರಿಗೆ ಗೊತ್ತಾಗತ್ತೆ?” ಎಂದ ಲುಸಿಯಾಂ.

“ನಂಗೆ ಗೊತ್ತಾಗತ್ತಲ್ಲೋ! ಕದ್ದು ಕುಡಿಯೋಕೆ ಆರು ವರ್ಷ ಕಾದ್ನಾ?” ಅತ್ತೆ ಕೆಮ್ಮುತ್ತಲೇ ಬೈದರು. ಅವನು ಕೇಳದೆ ಲೋಟ ಹಿಡಿದು ಹೊರಟ.

ನಾನು ಓಡಿಹೋಗಿ ನೆಲಮಾಳಿಗೆಯ ಬಾಗಿಲಿಗೆ ಅಡ್ಡ ನಿಂತೆ. ಈ ಮೂರು ವಾರದಲ್ಲಿ ಅವರು ಹೋಗಿಬಿಟ್ಟರೆ, ಅವರಿಗೆ ಎರಡು ಸಲ ವೈನ್ ತಪ್ಪಿಸಿದವಳು ನಾನೇ ಆಗುತ್ತಿದ್ದೆ.

“ಅವರು ಬೇಡ ಅಂದ್ರಲ್ಲ. ಹೋಗು, ಗಂಜಿ ಬಿಸಿ ಮಾಡು,” ಎಂದೆ.

ಇಪ್ಪತ್ತೊಂದು ದಿನ ನಾನು ಗಂಜಿ ಕುಡಿಸಿದೆ, ಅತ್ತೆ ಬೈಯುತ್ತಾ ಕುಡಿದರು.

ಡಿಸೆಂಬರ್ ಹದಿನೈದರಂದು ಹಿಮ ಬೀಳುತ್ತಿತ್ತು. ಅತ್ತೆ ಕಪ್ಪು ರೇಷ್ಮೆಯ ಉಡುಪು ಹಾಕಿಸಿಕೊಂಡು, ಮಗನ ತೋಳು ಹಿಡಿದು ನೆಲಮಾಳಿಗೆಯ ಬಾಗಿಲಲ್ಲಿ ಕುರ್ಚಿ ಹಾಕಿಸಿ ಕೂತರು. “ಹೋಗು, ನೀನೇ ತಾ,” ಎಂದರು ನನಗೆ. ಆರು ವರ್ಷದ ಮೇಲೆ ಒಳಗೆ ಕಾಲಿಟ್ಟೆ. ಲೋಟಕ್ಕೆ ಇಳಿದ ವೈನ್ ಹೊನ್ನಿನ ಬಣ್ಣಕ್ಕಿತ್ತು, ಅಕ್ರೋಟಿನ ವಾಸನೆ ಘಮ್ಮೆಂದಿತು.

ಅತ್ತೆ ಒಂದು ಗುಟುಕು ಕುಡಿದರು. ಕೊಂತೆ ಚೀಸಿನ ಚೂರು ಬಾಯಿಗಿಟ್ಟು ನಿಧಾನವಾಗಿ ಅಗಿದು, ಇನ್ನೊಂದು ಗುಟುಕು ಕುಡಿದರು. ಈ ವೈನಿಗಾಗಿಯೇ ಕಾಯುತ್ತ ಒಲೆಯ ಮೇಲಿದ್ದ ಹುಂಜ ಸೀದರೂ ಯಾರೂ ಏಳುವಂತಿರಲಿಲ್ಲ.

“ಅನ್ಸೆಲ್ಮ್‌ದು ಇಷ್ಟು ಚೆನ್ನಾಗಿ ಬರ್ತಿರಲಿಲ್ಲ ಬಿಡು,” ಎಂದರು.

ಅದು ಸುಳ್ಳು. ಆ ವೈನ್ ಹೇಗೆ ಬರುತ್ತಿತ್ತೋ ಯಾರಿಗೂ ಗೊತ್ತಿಲ್ಲ. ನಾನು ಅಲ್ಲೇ ನಿಂತು ಬಿಕ್ಕಿಬಿಕ್ಕಿ ಅತ್ತುಬಿಟ್ಟೆ.

“ಅಳೋದು ಆಮೇಲೆ. ಈ ಸೆಪ್ಟೆಂಬರಿನಲ್ಲಿ ಇಟ್ಟ ಪೀಪಾಯಿ ತೆಗೆಯೋದು ಯಾವಾಗ?”

“ಇನ್ನೂ ಆರು ವರ್ಷ ಇದೆ ಅತ್ತೆ. ನಿಮಗಾಗ ತೊಂಬತ್ಮೂರು.”

“ಆಗ್ಲಿ.” ಖಾಲಿ ಲೋಟ ನನ್ನ ಕೈಗಿಟ್ಟರು. “ಇನ್ಮೇಲೆ ಅದನ್ನ ನೀನೇ ನೋಡ್ಕೋ. ನೋಡೋದಷ್ಟೇ, ಮುಟ್ಟಬೇಡ.”