ಏರಿನ ಮೇಲಿನ ಕತ್ತರಿ

ಎಲ್ಲ ಊರುಗಳ ಹಾಗೇ ಇದ್ದ ಒಂದು ಊರಿನಲ್ಲಿ, ಹೆಗಲ ಮೇಲೆ ಚಕ್ರ ಹೊತ್ತು ತಿರುಗುವವನೊಬ್ಬ ಇದ್ದನಂತೆ. ಅವನು ಕಾಲಿಟ್ಟ ಬೀದಿಯಲ್ಲೆಲ್ಲ ಕಿಡಿ ಹಾರುತ್ತಿತ್ತಂತೆ, ಮೊಂಡು ಚಾಕುಗಳು ಮಿಂಚುತ್ತಿದ್ದವಂತೆ. ಅವನಿಗೊಬ್ಬಳು ಅಕ್ಕ. ಅವಳ ಮನೆ ಒಂದು ಏರಿನ ತುದಿಯಲ್ಲಿ. ಹೀಗಿರುವಾಗ ತಮ್ಮನ ಬಲಗಾಲಿನೊಳಗೆ ಯಾರ ಕಣ್ಣಿಗೂ ಬೀಳದ ಒಬ್ಬ ರಾಕ್ಷಸ ಬಂದು ಕೂತನಂತೆ. ನೂರು ಹೆಜ್ಜೆಗೊಮ್ಮೆ ‘ನಿಲ್ಲು’ ಅನ್ನುವನಂತೆ. ನಿಲ್ಲದಿದ್ದರೆ ಮೀನಖಂಡವನ್ನು ಒದ್ದೆ ಬಟ್ಟೆಯ ಹಾಗೆ ಹಿಂಡುವನಂತೆ.

ಅಜ್ಜಿ ಹೇಳುವ ಕಥೆಯಾಗಿದ್ದರೆ ಆ ರಾಕ್ಷಸನ ಪ್ರಾಣ ಏಳು ಸಮುದ್ರದಾಚೆಯ ಒಂದು ಗಿಣಿಯಲ್ಲಿರುತ್ತಿತ್ತು. ಯಾರಾದರೂ ಹೋಗಿ ಕತ್ತು ಹಿಸುಕಿ ಬರಬಹುದಿತ್ತು. ಇವನದು ತೊಡೆಯೊಳಗಿನ ರಕ್ತನಾಳದಲ್ಲಿತ್ತು. ಒಂದು ಗೇಣಿಗೂ ಹೆಚ್ಚು ಉದ್ದಕ್ಕೆ ಕೊಬ್ಬೂ ಸುಣ್ಣವೂ ಮೆತ್ತಿಕೊಂಡು ನಾಳ ಕಲ್ಲಾಗಿತ್ತು.

ಮೊದಮೊದಲು ಐನೂರು ಹೆಜ್ಜೆಗೆ ನೋವು ಬರುತ್ತಿತ್ತು. ಆಮೇಲೆ ಮುನ್ನೂರಕ್ಕೆ, ಆಮೇಲೆ ನೂರಕ್ಕೆ. ಎರಡು ನಿಮಿಷ ನಿಂತರೆ ಬಿಡುತ್ತಿತ್ತು. ಆದರೆ ಸಾಣೆ ಹಿಡಿಯುವವನ ಅಂಗಡಿಯೆಂದರೆ ಅವನ ಕಾಲು. ಕಾಲು ಹೋಯಿತು ಅನ್ನುವ ಸುದ್ದಿ ಹಬ್ಬಿದರೆ ಬೀದಿಯವರು ‘ಅಯ್ಯೋ ಪಾಪ’ ಅಂದು ಇನ್ನೊಬ್ಬನನ್ನು ಕರೆಯುತ್ತಾರೆ. ಅದಕ್ಕೇ ಅವನೊಂದು ಉಪಾಯ ಹೂಡಿದ. ನೋವು ಬಂದಲ್ಲಿ ಚಕ್ರ ಇಳಿಸುವುದು, ಅಲ್ಲಿ ನಿಲ್ಲಬೇಕೆಂದೇ ಬಂದವನ ಹಾಗೆ ಕತ್ತೆತ್ತಿ, “ಚಾಕೂ, ಕತ್ತರೀ, ಸಾಣೇಏಏ!” ಎಂದು ಕೂಗುವುದು. ದಿನಾ ಅದೇ ಜಾಗಗಳಲ್ಲಿ ನಿಂತದ್ದರಿಂದ ಬೀದಿಯವರಿಗೂ ರೂಢಿಯಾಯಿತು. ‘ಸ್ಟಾಪಣ್ಣ ಬಂದ’ ಎಂದು ಚಾಕು ಹಿಡಿದು ಅಲ್ಲಿಗೇ ಬರತೊಡಗಿದರು. ಅವನೂ ನಗುತ್ತ, “ಬಸ್ಸಿಗಾದ್ರೆ ಟಿಕೆಟ್ ಬೇಕು, ನನಗೆ ಬರೀ ಚಾಕು ಸಾಕು,” ಅನ್ನುತ್ತಿದ್ದ. ಇಡೀ ಊರಿಗೆ ಮಂಕುಬೂದಿ ಎರಚಿದ.

ಅಕ್ಕನಿಗೂ ಎರಚಿದ. ತಪ್ಪಾದದ್ದೇ ಅಲ್ಲಿ.

ಅಕ್ಕ ಮನೆಯಲ್ಲೇ ಬಟ್ಟೆ ಹೊಲಿಯುವವಳು. ಅವಳದೊಂದು ಕಬ್ಬಿಣದ ದೊಡ್ಡ ಕತ್ತರಿ. ತಿಂಗಳಿಗೊಮ್ಮೆ ತಮ್ಮ ಬಂದು ಸಾಣೆ ಹಿಡಿಯಬೇಕು, ಬೇರೆಯವರು ಮುಟ್ಟಕೂಡದು. ಮೂರು ವರ್ಷದ ಹಿಂದೆ ಭಾವ ತೀರಿಕೊಂಡಾಗ ಎಲ್ಲರೂ ಊರಾಚೆಯ ತನಕ ಶವದ ಹಿಂದೆ ನಡೆದರು. ತಮ್ಮ ಅರ್ಧ ದಾರಿಯಲ್ಲಿ ಯಾವುದೋ ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟ. “ನೀವು ನಡೀರಿ, ಬಂದೆ,” ಅಂದ. ಅವನು ಹೋಗಿ ಮುಟ್ಟುವಷ್ಟರಲ್ಲಿ ಮಣ್ಣು ಮುಚ್ಚಿ ಆಗಿತ್ತು. ಅಕ್ಕ ಅವನ ಮುಖವನ್ನೊಮ್ಮೆ ನೋಡಿ ಬೆನ್ನು ತಿರುಗಿಸಿದಳು.

ಆಮೇಲೆ ವಾರಕ್ಕೊಮ್ಮೆ ಅವನು ಆ ಏರಿನ ಬುಡಕ್ಕೆ ಹೋಗುತ್ತಿದ್ದ. ಅರವತ್ತು ಹೆಜ್ಜೆ ಹತ್ತುವಷ್ಟರಲ್ಲಿ ಕಾಲು ಹಿಡಿದುಕೊಳ್ಳುತ್ತಿತ್ತು. ಅಲ್ಲೇ ನಿಂತು ಕೂಗುತ್ತಿದ್ದ. ಅಕ್ಕನಿಗೆ ತಾನು ಬಂದದ್ದು ತಿಳಿಯಲಿ ಎಂದು ಮಾಮೂಲಿಗಿಂತ ಜೋರಾಗಿಯೇ ಕೂಗುತ್ತಿದ್ದ. ಆಮೇಲೆ ಹಿಂದಿರುಗುತ್ತಿದ್ದ. ಮೇಲೆ ಹೊಲಿಗೆ ಯಂತ್ರದ ಮುಂದೆ ಕೂತ ಅಕ್ಕನಿಗೆ ಕೇಳಿಸಿದ್ದು ಬೇರೆಯೇ. ಊರಿಗೆಲ್ಲ ಸಾಣೆ ಹಿಡಿಯುತ್ತಾನೆ, ನನ್ನ ಬಾಗಿಲ ತನಕ ಬಂದು ನನಗೆ ಕೇಳಲೆಂದೇ ಕೂಗಿ ಹಂಗಿಸಿ ಹೋಗುತ್ತಾನೆ. ಅವಳು ಎದ್ದು ದಢಾರನೆ ಕಿಟಕಿ ಮುಚ್ಚುತ್ತಿದ್ದಳು. ಮುಚ್ಚಿದ ಕಿಟಕಿಯನ್ನು ಅವನು ಕೆಳಗಿಂದ ನೋಡುತ್ತಿದ್ದ.

ಹೀಗೆ ಮೂರು ವರ್ಷ.

ಕೊನೆಗೆ ಬಲಗಾಲಿನ ಕಿರುಬೆರಳಲ್ಲಿ ಒಂದು ಸಣ್ಣ ಗಾಯವಾಯಿತು. ವಾಸಿಯಾಗಲಿಲ್ಲ. ಬೆರಳ ತುದಿ ಕಪ್ಪಾಗತೊಡಗಿತು. ಪಕ್ಕದ ಇಸ್ತ್ರಿ ಅಂಗಡಿಯವನು ಒಂದು ಬೆಳಿಗ್ಗೆ ಅದನ್ನು ಕಂಡು, ಬೈದು, ಆಟೋದಲ್ಲಿ ಕೂರಿಸಿ ಆಸ್ಪತ್ರೆಗೆ ಕರೆತಂದ.

ಡಾಕ್ಟರ್ ಗಿಡ್ಡನೆಯ ಹೆಂಗಸು, ಚುರುಕು ಮಾತಿನವರು. ಎರಡೂ ಪಾದಗಳ ಮೇಲೆ ಬೆರಳೊತ್ತಿ ನಾಡಿ ಹುಡುಕಿದರು. ಎಡಗಾಲಲ್ಲಿ ಸಿಕ್ಕಿತು, ಬಲಗಾಲಲ್ಲಿ ಇಲ್ಲ. ತೋಳಿಗೆ ಕಟ್ಟುವ ಬಿ.ಪಿ. ಪಟ್ಟಿಯನ್ನು ಕಣಕಾಲಿಗೆ ಕಟ್ಟಿ ಅಳೆದರು.

“ಸಿಗರೇಟು?”

“ದಿನಕ್ಕೊಂದು ಪ್ಯಾಕು.”

“ಯಜಮಾನ್ರೇ, ನಿಜ ಹೇಳಿ.”

“ಎರಡು.”

“ಇವತ್ತಿಂದ ಸೊನ್ನೆ. ಒಪ್ಪೋದಾದ್ರೆ ನಾನು ಚಾಕು ಕೈಗೆ ತಗೋತೀನಿ.”

“ತಗೊಳ್ಳೋ ಮುಂಚೆ ನನ್ನ ಕೈಗೆ ಕೊಡಿ ಡಾಕ್ಟ್ರೇ, ಸಾಣೆ ಹಿಡಿದು ಕೊಡ್ತೀನಿ,” ಅಂದ ಅವನು. ಡಾಕ್ಟರ್ ನಕ್ಕರು. ಅವನ ಕಾಲು ಮಾತ್ರ ಮಂಜುಗಡ್ಡೆಯ ಹಾಗಿತ್ತು.

ನಾಳಕ್ಕೆ ಬಣ್ಣದ ಔಷಧ ಬಿಟ್ಟು ಚಿತ್ರ ತೆಗೆದರು. ಪರದೆಯ ಮೇಲೆ ಕಪ್ಪು ಹೊಳೆಯೊಂದು ತೊಡೆಯ ನಡುವೆ ಬತ್ತಿಹೋಗಿ, ಮಂಡಿಯ ಕೆಳಗೆ ಮತ್ತೆ ಸಣ್ಣಗೆ ಕಾಣಿಸಿಕೊಳ್ಳುತ್ತಿತ್ತು.

“ತುಕ್ಕು ಕೆರೆದ ಹಾಗೆ ಕೆರೆದು ತೆಗೆಯೋಕಾಗಲ್ವಾ?”

“ಇಷ್ಟುದ್ದ ಕಟ್ಟಿಕೊಂಡಿರೋದನ್ನ ಮುಟ್ಟೋಕೆ ಹೋಗಲ್ಲ, ಬಳಸಿಕೊಂಡು ಹೋಗ್ತೀವಿ. ತೊಡೆಸಂದಿಯಿಂದ ಮಂಡಿ ಕೆಳಗಿನ ತನಕ ಹೊಸ ನಾಳ ಹಾಕಿ ಹೊಲೀತೀವಿ. ಹೊಸದು ಅಂದ್ರೆ ನಿಮ್ಮದೇ. ರಕ್ತ ವಾಪಸ್ ತರೋ ಒಂದು ನಾಳ ಚರ್ಮದ ಕೆಳಗೇ ಇರುತ್ತೆ, ಅದು ಇಲ್ಲದಿದ್ರೂ ಕಾಲು ನಡೆಯುತ್ತೆ. ಅದನ್ನ ಬಿಡಿಸಿ ತೆಗೆದು, ತಲೆಕೆಳಗು ಮಾಡಿ ಕೂರಿಸ್ತೀವಿ.”

“ತಲೆಕೆಳಗು ಯಾಕೆ?”

“ಅದರೊಳಗೆ ಪುಟ್ಟಪುಟ್ಟ ಬಾಗಿಲು ಇರ್ತಾವೆ, ಒಂದೇ ದಿಕ್ಕಿಗೆ ತೆರೆಯೋದು. ತಿರುಗಿಸದೇ ಇದ್ರೆ ರಕ್ತದ ಮುಖಕ್ಕೇ ಬಾಗಿಲು ಹಾಕ್ಕೊಂಡುಬಿಡುತ್ತೆ.”

ಅವನು ತನ್ನ ಕಪ್ಪಾದ ಬೆರಳನ್ನು ನೋಡಿದ. “ಮಾಡಿಸದೇ ಇದ್ರೆ?”

“ಮೊದಲು ಬೆರಳು. ಆಮೇಲೆ ಪಾದ. ಆಮೇಲೆ...” ಡಾಕ್ಟರ್ ಅಂಗೈಯನ್ನು ಅವನ ಮಂಡಿಯ ಹತ್ತಿರ ಅಡ್ಡ ಹಿಡಿದು ತೋರಿಸಿದರು.

ಇಸ್ತ್ರಿಯವನು ಸುದ್ದಿ ಮುಟ್ಟಿಸಿದ್ದರಿಂದ ಸಂಜೆ ಅಕ್ಕನ ಮಗಳು ಬಂದಳು. ಸೊಸೆಯ ಮುಖ ಉಬ್ಬಿತ್ತು. ಮಂಚದ ಪಕ್ಕ ನಿಂತೇ ಶುರುಮಾಡಿದಳು. “ಮಾವ, ಒಂದು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ನಮ್ಮಮ್ಮ ಏನು ಮಾಡಿದ್ಳು ನಿಮಗೆ? ಅಷ್ಟು ಹತ್ತಿರ ಬಂದು ಕೂಗಿ ಕೂಗಿ ಹೋಗ್ತಿದ್ರಲ್ಲ!”

ಅವನು ಹೊದಿಕೆ ಸರಿಸಿ ಕಾಲು ತೋರಿಸಿದ. ಆಮೇಲೆ ನೂರು ಹೆಜ್ಜೆಯ ಕಥೆ ಹೇಳಿದ, ಅಂಗಡಿ ಮೆಟ್ಟಿಲ ಕಥೆ ಹೇಳಿದ, ಅರವತ್ತನೇ ಹೆಜ್ಜೆಯದೂ ಹೇಳಿದ. ಕೇಳುತ್ತ ಕೇಳುತ್ತ ಅವಳು ಸ್ಟೂಲು ಎಳೆದುಕೊಂಡು ಕೂತಳು. ಮೊಬೈಲ್ ತೆಗೆದು ಹೊರಗೆ ಹೋದಳು. ಎಷ್ಟೋ ಹೊತ್ತಿನ ಮೇಲೆ ಬಂದು ಅದನ್ನು ಅವನ ಕಿವಿಗೆ ಹಿಡಿದಳು.

“ಅಕ್ಕ,” ಅಂದ.

“ಏನು ಅಕ್ಕ? ಕಾಲು ನೋವು ಅಂತ ಬಾಯಿಬಿಟ್ಟು ಹೇಳೋಕೆ ಏನಾಗಿತ್ತೋ ನಿನಗೆ? ನಾಲಿಗೇಲೂ ಬ್ಲಾಕ್ ಆಗಿತ್ತಾ?”

“ಆಗಿತ್ತು ಕಣಕ್ಕ.”

ಆ ಕಡೆಯಿಂದ ಮೂಗು ಒರೆಸಿಕೊಂಡ ಸದ್ದು. “ನಾನು ಕಿಟಕಿ ಮುಚ್ತಿದ್ದೆ.”

“ನೋಡ್ತಿದ್ದೆ.”

“ನೋಡ್ತಿದ್ದನಂತೆ! ಮಹಾರಾಯ, ಒಂದು ಸಲ ಅಕ್ಕಾ ಅಂತ ಕೂಗಿದ್ರೆ ಓಡಿ ಬರ್ತಿದ್ದೆ. ಚಾಕು ಕತ್ತರಿ ಅಂತ ಕೂಗಿದ್ರೆ ಯಾವ ಅಕ್ಕ ಬರ್ತಾಳೋ?”

“ಕತ್ತರಿ ಹೇಗಿದೆ?” ಎಂದು ಕೇಳಿದ.

“ಮೊಂಡು ಬಿದ್ದಿದೆ. ಮೂರು ವರ್ಷದಿಂದ ಮಗಳ ಪುಟಾಣಿ ಕತ್ತರೀಲಿ ಇಲಿ ಕಡಿದ ಹಾಗೆ ಬಟ್ಟೆ ಕತ್ತರಿಸ್ತಿದೀನಿ. ಬೇರೆಯವರ ಕೈಗೆ ಕೊಡೋಕೆ ಮನಸ್ಸು ಬರಲಿಲ್ಲ.”

“ನಾನೇ ಹತ್ತಿ ಬಂದು ಹಿಡಿದು ಕೊಡ್ತೀನಿ.”

“ಮಾತು ಕೊಡ್ತಿದೀಯಾ?”

“ಕೊಟ್ಟೆ.”

“ನಾನು ಇಳಿದು ಬರೋ ಹಾಗಿಲ್ಲ ಕಣೋ. ಎದೆ ಸೋತುಹೋಗಿದೆ, ಏರು ಹತ್ತಬೇಡ ಅಂದಿದಾರೆ ಡಾಕ್ಟ್ರು. ನೀನೇ ಬರ್ಬೇಕು.”

ಮರುದಿನ ಬೆಳಿಗ್ಗೆ ತೆಗೆಯಬೇಕಾದ ನಾಳ ಹೋಗುವ ದಾರಿಗೆ ನೀಲಿ ಪೆನ್ನಿನಿಂದ ಗೆರೆ ಎಳೆದರು. ಬೆನ್ನು ಬಾಗಿಸಿ ಬೆನ್ನೆಲುಬಿಗೆ ಸೂಜಿ ಚುಚ್ಚಿದರು. ಸೊಂಟದ ಕೆಳಗಿನದೆಲ್ಲ ಬೆಚ್ಚಗಾಗಿ, ಭಾರವಾಗಿ, ಯಾರದೋ ಆಯಿತು. ಎದೆಯ ಮೇಲೆ ಹಸಿರು ಬಟ್ಟೆಯ ಅಡ್ಡ ಕಟ್ಟಿದರು. ಕಣ್ಣಿಗೆ ಏನೂ ಕಾಣದಂತಾದ ಮೇಲೆ ಅವನು ಕಿವಿಯಾದ.

ತೊಡೆಸಂದಿಯಲ್ಲೊಂದು, ಮಂಡಿಯ ಕೆಳಗೊಂದು ಗಾಯ ತೆರೆದು ರಕ್ತ ಹೋಗುವ ನಾಳವನ್ನು ಎರಡೂ ಕಡೆ ಹುಡುಕಿದರು. ನೀಲಿ ಗೆರೆಯ ಉದ್ದಕ್ಕೆ ಇನ್ನೊಂದು ನಾಳವನ್ನು ಬಿಡಿಸಿಕೊಳ್ಳುತ್ತ, ಅದರ ಕವಲುಗಳಿಗೆ ಒಂದೊಂದಾಗಿ ದಾರ ಬಿಗಿದು ಕತ್ತರಿಸಿದರು. ಟಿಕ್, ಟಿಕ್, ಟಿಕ್ ಎಂದು ಕತ್ತರಿಯ ಸದ್ದು. ಅವನು ಕೇಳುವಷ್ಟು ಕೇಳಿ, ತಡೆಯಲಾರದೆ ಅಂದ: “ಡಾಕ್ಟ್ರೇ, ಆ ಕತ್ತರಿಗೆ ತುದೀಲಿ ಧಾರ ಇಲ್ಲ.”

ಟಿಕ್ ಟಿಕ್ ನಿಂತಿತು. “ನಿಜ ಕಣ್ರೀ,” ಅಂದರು ಡಾಕ್ಟರ್ ಅಡ್ಡದ ಆಚೆಯಿಂದ. “ಸಿಸ್ಟರ್, ಬೇರೆ ಕೊಡಿ. ಯಜಮಾನ್ರೇ, ನೀವು ಮಲಗಿದ್ರೂ ಡ್ಯೂಟಿ ಬಿಡಲ್ವಲ್ಲ!”

ಬಿಡಿಸಿದ ನಾಳಕ್ಕೆ ನೀರು ಹಾಯಿಸಿ ಎಲ್ಲಾದರೂ ಸೋರುತ್ತದೆಯೇ ನೋಡಿದರು. ಮಾಂಸದ ಅಡಿಯಲ್ಲಿ ಒಂದು ಸುರಂಗ ಮಾಡಿ, ಅದನ್ನು ತಲೆಕೆಳಗಾಗಿಸಿ, ತಿರುಚಿಕೊಳ್ಳದ ಹಾಗೆ ತೂರಿಸಿದರು. ರಕ್ತ ಹೆಪ್ಪುಗಟ್ಟದಿರಲು ಮದ್ದು ಕೊಟ್ಟು, ಹಳೆಯ ನಾಳವನ್ನು ಇಕ್ಕಳದಲ್ಲಿ ಹಿಡಿದು ನಿಲ್ಲಿಸಿ, ಮೊದಲು ಮೇಲಿನ ಬಾಯಿ ಹೊಲಿದರು, ಆಮೇಲೆ ಕೆಳಗಿನದು. ಕೂದಲಿಗಿಂತ ತೆಳ್ಳಗಿನ ದಾರವಂತೆ. ಅಷ್ಟು ಹೊತ್ತೂ ಯಾರೂ ತಮಾಷೆ ಮಾಡಲಿಲ್ಲ. ಅವನು ಅಕ್ಕನ ಬೆರಳುಗಳನ್ನು ನೆನೆಯುತ್ತಿದ್ದ. ಗುಂಡಿಯ ಕಾಜ ಹೊಲಿಯುವಾಗ ಅವಳು ಉಸಿರು ಬಿಗಿಹಿಡಿಯುತ್ತಿದ್ದುದನ್ನು.

“ಬಿಡ್ತಾ ಇದೀವಿ,” ಅಂದರು ಡಾಕ್ಟರ್. ಇಕ್ಕಳ ಸಡಿಲಿಸಿದರು. ರಕ್ತ ಹರಿಯುವ ಸದ್ದು ಕೇಳಿಸುವ, ಪೆನ್ನಿನಂಥ ಒಂದು ಸಾಧನವನ್ನು ಪಾದದ ಮೇಲಿಟ್ಟರು. ಮೊದಲು ಬರೀ ಗರಗರ. ಆಮೇಲೆ ಬಂತು: ಶೂಂ, ಶೂಂ, ಶೂಂ. ಚಕ್ರ ತಿರುಗಿದ ಹಾಗೆ.

“ಇದು ನನ್ನ ಕಾಲಾ?”

“ನಿಮ್ಮದೇ.”

ಅವನ ಕಣ್ಣೀರು ಕಿವಿಯೊಳಕ್ಕೆ ಇಳಿಯಿತು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ, ಎರಡೂ ಕೈಗೆ ಏನೇನೋ ಸಿಕ್ಕಿಸಿದ್ದರು.

ಮೂರನೇ ದಿನ ನಡೆಸಿದರು. ಸಂಜೆ ಸೊಸೆಯ ಮೊಬೈಲಿನಲ್ಲಿ ಅಕ್ಕನ ವಿಚಾರಣೆ.

“ಎಷ್ಟಾಯ್ತೋ?”

“ಹನ್ನೆರಡು ಹೆಜ್ಜೆ.”

“ಅಷ್ಟೇನಾ? ನಮ್ಮನೆ ಏರು ನೂರಾ ಅರವತ್ತು. ಇವಳನ್ನ ಕಳಿಸಿ ಎಣಿಸಿದೀನಿ.”

ನಾಲ್ಕನೇ ದಿನ ನಲವತ್ತು. ಐದನೇ ದಿನ ತೊಂಬತ್ತು. ಆರನೇ ದಿನ ಅವನು ವಾರ್ಡಿನ ಓಣಿಯಲ್ಲಿ ನೂರನೇ ಹೆಜ್ಜೆ ಇಟ್ಟು ಗೋಡೆ ಹಿಡಿದು ಕಾದ. ನೋವು ಬರಲಿಲ್ಲ. ಗಾಯ ಎಳೆಯುತ್ತಿತ್ತು, ಪಾದ ಊದಿತ್ತು, ಆದರೆ ಆ ಹಿಂಡುವ ಕೈ ಇರಲಿಲ್ಲ. ನೂರಾ ಇಪ್ಪತ್ತಕ್ಕೆ ನರ್ಸ್ ಹಿಡಿದು ಕೂರಿಸಿದಳು.

“ಇನ್ನು ನಲವತ್ತು ಬಾಕಿ,” ಅಂದಳು ಅಕ್ಕ. ಅವಳ ಉಸಿರು ಮಾತಿನ ನಡುನಡುವೆ ನಿಲ್ಲುತ್ತಿತ್ತು. “ಬೇಗ ಬಾರೋ. ಒಂದು ಬಟ್ಟೆ ಕಾಯ್ತಾ ಇದೆ.”

ಎಂಟನೇ ದಿನ ಸಂಜೆ ಸೊಸೆಯೂ ಬರಲಿಲ್ಲ, ಅಕ್ಕನ ಫೋನೂ ಇಲ್ಲ. ಅವನ ಹತ್ತಿರ ನೂರಾ ಎಪ್ಪತ್ತು ಹೆಜ್ಜೆಯ ಸುದ್ದಿ ಇತ್ತು. ಬೆಳಿಗ್ಗೆ ಸೊಸೆ ಬಂದಳು. ಬಾಗಿಲಲ್ಲೇ ನಿಂತಳು. ಅವಳ ಕೈಯಲ್ಲಿ ಊಟದ ಡಬ್ಬಿ ಇರಲಿಲ್ಲ.

“ಯಾವಾಗ?” ಅಂದ ಅವನು.

“ನಿನ್ನೆ ಮಧ್ಯಾಹ್ನ, ಮಾವ. ಯಂತ್ರದ ಮುಂದೆ ಕೂತವಳು ಹಾಗೇ ಒರಗಿದಳು.”

ಹೊರಡುತ್ತೇನೆಂದು ಅವನು ಎದ್ದ. ಡಾಕ್ಟರ್ ಬಿಡಲಿಲ್ಲ. ತೊಡೆಸಂದಿಯ ಗಾಯ ಹಿಂದಿನ ದಿನದಿಂದ ಜಿನುಗುತ್ತಿತ್ತು; ಅದು ಬಿಟ್ಟುಕೊಂಡರೆ ಒಳಗಿನ ಹೊಲಿಗೆಯೂ ಹೋಗುತ್ತದೆ, ಕಾಲೂ ಹೋಗುತ್ತದೆ, ಜೀವವೂ ಹೋಗುತ್ತದೆ ಅಂದರು.

“ಅವತ್ತು ಭಾವನ ಹಿಂದೆ ಹೋಗೋಕೆ ಕಾಲಿರಲಿಲ್ಲ ಡಾಕ್ಟ್ರೇ. ಇವತ್ತು ಕಾಲಿದೆ, ನೀವು ಕಳಿಸ್ತಿಲ್ಲ.”

ಡಾಕ್ಟರ್ ಅವನ ಹೆಗಲ ಮೇಲೆ ಕೈಯಿಟ್ಟರು.

ಅಲ್ಲಿ ಅಕ್ಕನನ್ನು ಎತ್ತುವ ಹೊತ್ತಿಗೆ ಇಲ್ಲಿ ಅವನು ಓಣಿಯಲ್ಲಿ ನಡೆಯತೊಡಗಿದ. ಆ ತುದಿಗೆ ಹೋಗಿ ಈ ತುದಿಗೆ ಬಂದ. ನರ್ಸ್ ತಡೆಯಲು ಬಂದವಳು ಅವನ ಮುಖ ನೋಡಿ ಪಕ್ಕದಲ್ಲೇ ನಡೆದಳು. ಎಣಿಸಲಿಲ್ಲ. ಕೇಳುವವರು ಇರಲಿಲ್ಲ.

ತೊಡೆಸಂದಿಯ ಗಾಯವೂ ಕಿರುಬೆರಳಿನದೂ ಒಣಗಲು ಆರು ವಾರ ಹಿಡಿಯಿತು. ಏಳನೇ ವಾರ ಒಂದು ಬೆಳಿಗ್ಗೆ ಅವನು ಚಕ್ರ ಹೆಗಲಿಗೇರಿಸಿದ. ಇಸ್ತ್ರಿಯವನು, “ನಾನು ಹೊತ್ತು ತರ್ತೀನಿ ಮಾರಾಯ,” ಅಂದ. ಬೇಡವೆಂದ. ದಾರಿಯುದ್ದಕ್ಕೂ ಜನ, “ಸ್ಟಾಪಣ್ಣ, ಏನು ನಿಲ್ಲೋದೇ ಇಲ್ವಲ್ಲ ಇವತ್ತು?” ಅಂದರು. ನಾಳೆ ಎಂದು ಕೈಯಾಡಿಸಿದ.

ಏರಿನ ಬುಡದಲ್ಲಿ ಅವನು ಕೂಗಲಿಲ್ಲ. ಹತ್ತಿದ. ಅರವತ್ತನೇ ಹೆಜ್ಜೆಯಲ್ಲಿ ಕಾಲು ತಾನಾಗಿಯೇ ನಿಂತಿತು. ನೋವಿಲ್ಲ. ಆದರೂ ಎರಡು ನಿಮಿಷ ನಿಂತ. ಮೇಲೆ ಕಿಟಕಿ ತೆರೆದಿತ್ತು. ಆಮೇಲೆ ನಡೆದ.

ಸೊಸೆ ಬಾಗಿಲಲ್ಲಿ ಕತ್ತರಿ ಹಿಡಿದುಕೊಂಡೇ ನಿಂತಿದ್ದಳು. ಅವನು ಚಕ್ರವನ್ನು ಹೊಸ್ತಿಲ ಮುಂದೆ ಇಳಿಸಿ, ಕತ್ತರಿಯ ತಿರುಪು ಸಡಿಲಿಸಿ, ಅಲಗುಗಳನ್ನು ಬೇರೆ ಮಾಡಿದ. ತುಕ್ಕು ಹಿಡಿದಿತ್ತು, ಕಬ್ಬಿಣ ಗಟ್ಟಿಯಾಗಿಯೇ ಇತ್ತು. ಬಲಗಾಲನ್ನು ಪೆಡಲಿನ ಮೇಲಿಟ್ಟ. ಕಲ್ಲು ತಿರುಗಿತು. ಹೊರ ಅಂಚನ್ನು ಮಾತ್ರ ಓರೆಯಾಗಿ ಮುಟ್ಟಿಸಿದ; ಒಳಮೈಗೆ ಕಲ್ಲು ತಾಗಿಸಿದರೆ ಕತ್ತರಿ ಕೆಟ್ಟುಹೋಗುತ್ತದೆ. ಕಿಡಿಗಳು ಹಾರಿ ಮೆಟ್ಟಿಲ ಮೇಲೆ ಆರಿದವು. ಒಂದು ಅಲಗು, ಇನ್ನೊಂದು ಅಲಗು. ಕಾಲು ಎಲ್ಲೂ ತಡೆಯಲಿಲ್ಲ. ಜೋಡಿಸಿ, ಒಂದು ಹನಿ ಎಣ್ಣೆ ಬಿಟ್ಟು, ತಿರುಪು ಬಿಗಿದು, ಹತ್ತು ಸಲ ತೆರೆದು ಮುಚ್ಚಿ, ಸೊಸೆಯ ಕೈಗಿತ್ತ.

“ಒಂದು ಚಿಂದಿ ತಗೊಂಡು ನೋಡಮ್ಮ.”

ಅವಳು ಒಳಗೆ ಹೋಗಿ ತಂದದ್ದು ಚಿಂದಿಯಲ್ಲ. ಮಡಿಸಿಟ್ಟ ಬೂದು ಬಣ್ಣದ ಹೊಸ ಬಟ್ಟೆ. ಮೇಲೆ ಸೀಮೆಸುಣ್ಣದ ಗೆರೆಗಳು.

“ನಿಮಗೆ ಪ್ಯಾಂಟು, ಮಾವ. ಗಾಯ ಒತ್ತಬಾರದು ಅಂತ ಬಲಗಾಲಿಗೆ ಎರಡು ಬೆರಳು ಹೆಚ್ಚು ಬಿಟ್ಟಿದಾಳೆ. ನನ್ನ ಕತ್ತರೀಲಿ ಕತ್ತರಿಸ್ತೀನಮ್ಮ ಅಂದೆ. ಬೇಡ, ಅವನು ಬಂದು ಸಾಣೆ ಹಿಡೀಲಿ ಅಂದ್ಳು.”

ಅವನು ಮೆಟ್ಟಿಲ ಮೇಲೆ ಕೂತ. ಗೆರೆ ಅಲ್ಲಲ್ಲಿ ನಡುಗಿತ್ತು, ಎಲ್ಲೂ ತಪ್ಪಿರಲಿಲ್ಲ.

“ಕತ್ತರಿಸು,” ಅಂದ.

ಅವಳು ನೆಲದ ಮೇಲೆ ಬಟ್ಟೆ ಹಾಸಿ ಮಂಡಿಯೂರಿದಳು. ಸೊಂಟದ ಹತ್ತಿರ ಶುರುಮಾಡಿ, ತೊಡೆ, ಮಂಡಿ ದಾಟಿ, ಕಣಕಾಲಿನ ತನಕ ಅಕ್ಕ ಎಳೆದ ಗೆರೆಯ ಮೇಲೆ ಕತ್ತರಿ ಒಂದೇ ಸಮನೆ ನಡೆಯಿತು. ಕೊನೆಯ ಎಳೆಯೂ ಬಿಟ್ಟಿತು.

“ಆಯ್ತು ಅಕ್ಕ,” ಅಂದ.